ಹೆಗಲ ಉಬ್ಬು ಹೋಗದು, ನೋವನ್ನು ಹೋಗಿಸಬಹುದು

ಕೊರಳೆಲುಬಿನ ಹೊರತುದಿ ಹೆಗಲೆಲುಬಿಗೆ ಸೇರುವಲ್ಲಿ ಒಂದು ಪುಟ್ಟ ಕೀಲಿದೆ. ವೈದ್ಯರು ಚೀಟಿಯಲ್ಲಿ ‘ಎ.ಸಿ. ಜಾಯಿಂಟ್’ ಎಂದು ಬರೆಯುವುದು ಇದನ್ನೇ. ಬೈಕಿನಿಂದ ಹೆಗಲಡಿಯಾಗಿ ಬಿದ್ದರೆ, ಕಬಡ್ಡಿ ಅಂಕಣದಲ್ಲೋ ಕುಸ್ತಿ ಅಖಾಡದಲ್ಲೋ ಹೆಗಲು ನೆಲಕ್ಕೆ ಬಡಿದರೆ ಈ ಕೀಲು ಅರ್ಧ ಜಾರಬಹುದು. ಆಗ ಕೀಲನ್ನು ಸುತ್ತಿದ ಲಿಗಮೆಂಟ್, ಅಂದರೆ ಎಲುಬುಗಳನ್ನು ಬಿಗಿದು ಹಿಡಿಯುವ ನಾರಿನ ಪಟ್ಟಿ, ಹರಿದಿರುತ್ತದೆ. ಕೊರಳೆಲುಬನ್ನು ಕೆಳಕ್ಕೆ ಹಿಡಿದಿಡುವ ಎರಡು ಗಟ್ಟಿ ಲಿಗಮೆಂಟ್‌ಗಳು ಹಿಗ್ಗಿದ್ದರೂ ತುಂಡಾಗಿರುವುದಿಲ್ಲ. ಇದಕ್ಕೆ ಸಾಮಾನ್ಯವಾಗಿ ಆಪರೇಷನ್ ಬೇಡ. ಒಂದೆರಡು ವಾರ ಸ್ಲಿಂಗ್ (ಕೊರಳಿಗೆ ಹಾಕಿ ತೋಳನ್ನು ತೂಗಿಡುವ ಪಟ್ಟಿ) ಸಾಕು. ಅದನ್ನು ಬಿಚ್ಚಿದ ಮೇಲೆ ಮಾಡಬೇಕಾದ್ದೇ ಹೆಚ್ಚು.

ಮೊದಲು ಉಬ್ಬಿನ ವಿಚಾರ. ಹರಿದ ಲಿಗಮೆಂಟ್ ಸಡಿಲವಾಗಿಯೇ ಕೂಡಿಕೊಳ್ಳುವುದರಿಂದ ಎಲುಬಿನ ತುದಿ ಸ್ವಲ್ಪ ಮೇಲೆದ್ದೇ ಇರುತ್ತದೆ. ಎಣ್ಣೆ ಹಚ್ಚಿ ತಿಕ್ಕಿಸಿ, ತೋಳು ಎಳೆಸಿ ‘ಕೂರಿಸುವ’ ಪ್ರಯತ್ನ ಬೇಡ. ಒತ್ತಿದಾಗ ಕೂತ ಎಲುಬು ಕೈ ಬಿಟ್ಟೊಡನೆ ಏಳುತ್ತದೆ, ಹಸಿ ಲಿಗಮೆಂಟ್ ಇನ್ನಷ್ಟು ಹರಿಯುತ್ತದೆ. ನೋವಿಲ್ಲದ ಉಬ್ಬು ಬರೀ ನೋಟದ ತೊಂದರೆ, ಅಷ್ಟೇ.

ಸ್ಲಿಂಗ್ ತೆಗೆದ ಮೇಲೆ ಮೊದಲು ಚಲನೆ, ಆಮೇಲೆ ಬಲ. ಒಳ್ಳೆಯ ಕೈಯನ್ನು ಮೇಜಿಗೆ ಊರಿ, ಮುಂದಕ್ಕೆ ಬಾಗಿ, ಪೆಟ್ಟಾದ ತೋಳನ್ನು ಇಳಿಬಿಟ್ಟು ಒಂದೆರಡು ನಿಮಿಷ ಸಣ್ಣ ಸುತ್ತು ಹಾಕಿಸಿ. ದಿನಕ್ಕೆ 3 ಸಲ. ಬಳಿಕ ಆ ಕೈಯ ಬೆರಳುಗಳನ್ನು ಗೋಡೆಯ ಮೇಲೆ ಮೆಲ್ಲಗೆ ಮೇಲಕ್ಕೆ ನಡೆಸಿ, ನೋವು ಶುರುವಾಗುವಲ್ಲಿ ನಿಲ್ಲಿಸಿ. ಎರಡೂ ಹೆಗಲೆಲುಬುಗಳನ್ನು ಬೆನ್ನ ಹಿಂದೆ ಒಂದಕ್ಕೊಂದು ಹತ್ತಿರ ತಂದು 5 ಸೆಕೆಂಡ್ ಹಿಡಿಯಿರಿ, 10 ಬಾರಿ. ಇದನ್ನು ಬಿಡುವವರೇ ಹೆಚ್ಚು, ಆದರೆ ಹೆಗಲೆಲುಬು ಮುಂದಕ್ಕೆ ಬಾಗಿಯೇ ಉಳಿದರೆ ಕೀಲಿನ ಮೇಲಿನ ಒತ್ತಡ ಇಳಿಯುವುದಿಲ್ಲ. ತೋಳು ಸಲೀಸಾಗಿ ಆಡತೊಡಗಿದ ಮೇಲೆ ಅರ್ಧ ಲೀಟರ್ ನೀರಿನ ಬಾಟಲಿ ಹಿಡಿದು ಎತ್ತಿ, ನಿಧಾನವಾಗಿ ತೂಕ ಏರಿಸಿ. ಮರುದಿನವೂ ನೋವು ಉಳಿದರೆ ಹಿಂದಿನ ತೂಕಕ್ಕೆ ಮರಳಿ.

ಸುಮಾರು 6 ವಾರ ದೊಡ್ಡ ಭಾರ ಎತ್ತಬೇಡಿ. ಕಬಡ್ಡಿ, ಕುಸ್ತಿಗೆ 8ರಿಂದ 12 ವಾರ ಬೇಕು. ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳದ ಚೀಲ, ಚಳ್ಳಕೆರೆಯಲ್ಲಿ ಶೇಂಗಾ ಚೀಲ ಹೊರುವ ಹಮಾಲರಿಗೆ ಇದು ಕಷ್ಟದ ಮಾತೇ. ಆದರೆ ಹೆಗಲ ಮೇಲಿಟ್ಟ ಚೀಲ ನೇರವಾಗಿ ಆ ಕೀಲನ್ನೇ ಒತ್ತುತ್ತದೆ. ಕೆಲಸಕ್ಕೆ ಮರಳಿದಾಗ ಮೊದಲು ತಳ್ಳುಗಾಡಿ, ಆಮೇಲೆ ಇನ್ನೊಂದು ಹೆಗಲು. ಜಿಮ್‌ಗೆ ಹೋಗುವವರು ಡಿಪ್ಸ್ ಬಿಡಲಿ. ಬೆಂಚ್ ಪ್ರೆಸ್‌ನಲ್ಲಿ ಮೊಣಕೈ ಎದೆಯ ಮಟ್ಟಕ್ಕಿಂತ ಕೆಳಗಿಳಿಯದಿರಲಿ. ಅತಿಯಾದರೆ ಎಲುಬಿನ ತುದಿಯೇ ಸವೆಯುವುದುಂಟು.

ತಿಂಗಳುಗಳ ನಂತರವೂ ನೋಯುತ್ತಿದ್ದರೆ ಎಲ್ಲಿ ಎಂದು ನೋಡಿ. ತೋಳನ್ನು ಭುಜದ ಮಟ್ಟಕ್ಕೆ ಮುಂದಕ್ಕೆತ್ತಿ, ಎದೆಯ ಮುಂದಿನಿಂದ ಎದುರು ಹೆಗಲಿನತ್ತ ತನ್ನಿ. ಉಬ್ಬಿನ ಮೇಲೆ ಬೆರಳಿಟ್ಟು ತೋರಿಸುವಂತೆ ನೋವಾದರೆ ಕೀಲು ಸವೆದಿರುವ ಸಾಧ್ಯತೆ ಹೆಚ್ಚು; ಆ ಮಗ್ಗುಲಲ್ಲಿ ಮಲಗಿದಾಗ ನೋವು, ತೋಳೆತ್ತಿದಾಗ ಕಟಕಟ ಸದ್ದು ಜೊತೆಗಿರುತ್ತವೆ. ನೋವು ತೋಳಿನ ಹೊರಬದಿಯಲ್ಲಿದ್ದು, ಪಕ್ಕಕ್ಕೆತ್ತುವಾಗ ನಡುದಾರಿಯಲ್ಲಿ ಹಿಡಿದರೆ ತೊಂದರೆ ಭುಜದೊಳಗಿನ ಸ್ನಾಯುರಜ್ಜುಗಳದ್ದಿರಬಹುದು (ಸ್ನಾಯುವನ್ನು ಎಲುಬಿಗೆ ಜೋಡಿಸುವ ನಾರುಗಳು). ಅದರ ಚಿಕಿತ್ಸೆ ಬೇರೆ.

3 ತಿಂಗಳ ವ್ಯಾಯಾಮಕ್ಕೂ ಬಗ್ಗದಿದ್ದರೆ ಮೂಳೆ ವೈದ್ಯರನ್ನು ಕಾಣಿ. ದಾವಣಗೆರೆಯ ಚಿಗಟೇರಿ ಆಸ್ಪತ್ರೆಯಂಥ ಜಿಲ್ಲಾ ಆಸ್ಪತ್ರೆಗೂ ಹೋಗಬಹುದು. ಎರಡೂ ಹೆಗಲುಗಳ ಎಕ್ಸ್‌ರೇ ಕೇಳಿ. ಒಂದನ್ನೇ ತೆಗೆದರೆ ಎಷ್ಟು ಜಾರಿದೆ ಎಂದು ಹೋಲಿಸಲಾಗದು. ಕೈ ಜೋಮು ಹಿಡಿದರೆ, ಎಲುಬಿನ ತುದಿ ಚರ್ಮವನ್ನು ಬಿಗಿಯಾಗಿ ಎತ್ತಿ ಹಿಡಿದಿದ್ದರೆ ಕಾಯಲೇಬೇಡಿ.

ಕೀಲಿಗೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟೊಡನೆ ನೋವು ಮಾಯವಾದರೆ ಮೂಲ ಆ ಕೀಲೇ ಎಂದು ಬಹುಮಟ್ಟಿಗೆ ಖಾತ್ರಿ. ಸ್ಟಿರಾಯ್ಡ್ ಇಂಜೆಕ್ಷನ್ ಕೆಲ ತಿಂಗಳು ಆರಾಮ ಕೊಟ್ಟೀತು, ಸವೆತವನ್ನು ಸರಿಮಾಡದು. ಕೊನೆಯ ದಾರಿ, ಕೊರಳೆಲುಬಿನ ತುದಿಯಿಂದ ಒಂದು ಸೆಂಟಿಮೀಟರಿಗೂ ಕಡಿಮೆ ಕತ್ತರಿಸಿ ಉಜ್ಜಾಟ ತಪ್ಪಿಸುವ ಆಪರೇಷನ್. ಅದಕ್ಕೆ ಒಪ್ಪುವ ಮೊದಲು ಕೀಲು ಇನ್ನೂ ಸಡಿಲವಿದೆಯೇ ಎಂದು ಕೇಳಿ: ಸಡಿಲವಿದ್ದು ಬರೀ ಎಲುಬು ಕತ್ತರಿಸಿದರೆ ಅಲುಗಾಟ ಹೆಚ್ಚುತ್ತದೆ, ಆಗ ಲಿಗಮೆಂಟನ್ನೂ ಮರುಜೋಡಿಸಬೇಕು.