ಹಳೆಯ ಯುದ್ಧಗಾಯಕ್ಕೆ ತಡವಾಗಿಯಾದರೂ ಮಾನ್ಯತೆ: ಪುಣೆಯಲ್ಲಿದ್ದು ಅರ್ಜಿ ಹಾಕುವುದು ಹೇಗೆ?

ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿಗೋ ಖಡಕಿಯ ಬಾಂಬೆ ಎಂಜಿನಿಯರ್ ಗ್ರೂಪ್‌ಗೋ ಸೇರಿ, ನಿವೃತ್ತಿಯಾದ ಮೇಲೆ ಪುಣೆ, ಪಿಂಪ್ರಿ-ಚಿಂಚವಾಡದಲ್ಲೇ ನೆಲೆಸಿದ ಕನ್ನಡ ಕುಟುಂಬಗಳಿವೆ. 1965, 1971ರ ಯುದ್ಧ, ಶ್ರೀಲಂಕಾದ ಆಪರೇಷನ್ ಪವನ್, ಕಾರ್ಗಿಲ್, ಆಪರೇಷನ್ ಪರಾಕ್ರಮ್ – ಇವುಗಳಲ್ಲಿ ಏಟು ತಿಂದು, ‘ಜೀವ ಉಳೀತಲ್ಲ, ಸಾಕು’ ಎಂದು ಸುಮ್ಮನಾದ ಹಿರಿಯರು ಅಂಥ ಮನೆಗಳಲ್ಲಿದ್ದಾರೆ. ಕಾಲಲ್ಲಿ ಇನ್ನೂ ಸಿಡಿಗುಂಡಿನ ಚೂರಿದೆ. ಪಿಪಿಒದಲ್ಲಿ (ಪಿಂಚಣಿ ಪಾವತಿ ಆದೇಶ) ಮಾತ್ರ ಬರೀ ಸರ್ವಿಸ್ ಪೆನ್ಷನ್.

ಇಷ್ಟು ವರ್ಷವಾದ ಮೇಲೆ ಕೇಳಬಹುದೇ? ಕೇಳಬಹುದು. ಪಿಂಚಣಿ ತಿಂಗಳು ತಿಂಗಳೂ ಬಾಕಿಯಾಗುವ ಹಕ್ಕು. ಅದನ್ನು ಕೊಡದಿರುವುದು ಮುಂದುವರಿಯುತ್ತಲೇ ಇರುವ ಅನ್ಯಾಯ ಎಂಬ ನೆಲೆಯಲ್ಲಿ, ತಡವಾಯಿತೆಂಬ ಒಂದೇ ಕಾರಣಕ್ಕೆ ಬೇಡಿಕೆಯನ್ನು ತಳ್ಳಿಹಾಕಬಾರದೆಂದು ತರಸೇಮ್ ಸಿಂಗ್ ಪ್ರಕರಣದಲ್ಲಿ (2008) ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಹಿಂಬಾಕಿ ಸಾಮಾನ್ಯವಾಗಿ ಕೋರ್ಟಿಗೆ ಹೋದ ದಿನದಿಂದ ಹಿಂದಿನ ಮೂರು ವರ್ಷಕ್ಕೆ ಮಾತ್ರ. ಹಾಗಾಗಿ ಇನ್ನೂ ತಡಮಾಡಿದಷ್ಟೂ ನಷ್ಟ. ಈಗ ಕೇಳುವುದಕ್ಕೆ ಸಂಕೋಚವೂ ಬೇಡ. 1965ರ ಯುದ್ಧದಲ್ಲಿ ಗುಂಡೇಟು ತಿಂದು, 1972ರ ಹೈಡೆಲ್‌ಬರ್ಗ್ ಪ್ಯಾರಾಲಿಂಪಿಕ್ಸ್‌ನಲ್ಲಿ ಈಜಿ ಚಿನ್ನ ಗೆದ್ದ ಮುರಳೀಕಾಂತ್ ಪೇಟ್ಕರ್ ಅವರಿಗೆ ಪದ್ಮಶ್ರೀ ಬಂದದ್ದೇ 2018ರಲ್ಲಿ.

ಏನನ್ನು ಕೇಳುತ್ತಿದ್ದೀರಿ?

‘ನನಗೆ ಯುದ್ಧದಲ್ಲಿ ಗಾಯವಾಗಿತ್ತು, ನ್ಯಾಯ ಕೊಡಿ’ ಎಂದು ಬರೆದ ಅರ್ಜಿ ಮೇಜಿನಿಂದ ಮೇಜಿಗೆ ಸುತ್ತುತ್ತದೆ. ಇಲ್ಲಿ ಬೇಡಿಕೆ ಒಂದಲ್ಲ, ಮೂರು. ಮೊದಲನೆಯದು, ಆ ಗಾಯ ‘ಬ್ಯಾಟಲ್ ಕ್ಯಾಶುವಲ್ಟಿ’ (ಕಾದಾಟದಲ್ಲಾದ ಗಾಯ) ಎಂದು ಸೇವಾ ದಾಖಲೆಯಲ್ಲಿ ಸೇರುವುದು. ಎರಡನೆಯದು ವಾರ್ ಇಂಜುರಿ ಪೆನ್ಷನ್, ಅಂದರೆ ಯುದ್ಧಗಾಯದ ಪಿಂಚಣಿ. ಮೂರನೆಯದು, ಶತ್ರುವಿನ ನೇರ ಕಾರ್ಯಾಚರಣೆಯಲ್ಲಿ ಗಾಯಗೊಂಡವರಿಗೆ ಕೊಡುವ ಪರಾಕ್ರಮ ಪದಕ. ಮೊದಲನೆಯದು ಆಗದೆ ಉಳಿದೆರಡೂ ಮುಂದೆ ಹೋಗುವುದು ಕಷ್ಟ. ದುಡ್ಡಿನ ಮಾತಿಗಿಂತ ಮುಂಚೆ ದಾಖಲೆಯ ಮಾತು ಎತ್ತಿ.

ಅಂಗವೈಕಲ್ಯದ ಕಾರಣವನ್ನು ಸರ್ಕಾರ ಎ ಇಂದ ಇ ವರೆಗೆ ಐದು ವರ್ಗ ಮಾಡಿದೆ. ರಕ್ಷಣಾ ಸಚಿವಾಲಯದ 31 ಜನವರಿ 2001ರ ಪತ್ರದಲ್ಲಿ ಇದು ವಿವರವಾಗಿದೆ. ಸೇವೆಗೆ ಸಂಬಂಧವಿಲ್ಲದ ಕಾಯಿಲೆ ‘ಎ’. ಸೇವೆಯಿಂದ ಬಂದ ಅಥವಾ ಉಲ್ಬಣಿಸಿದ ಕಾಯಿಲೆ ‘ಬಿ’. ಕರ್ತವ್ಯದಲ್ಲಿದ್ದಾಗಿನ ಅಪಘಾತ ‘ಸಿ’. ಉಗ್ರರು, ಸಮಾಜಘಾತುಕರ ದಾಳಿಯಂಥವು ‘ಡಿ’. ಯುದ್ಧ, ಗಡಿ ಚಕಮಕಿ, ಯುದ್ಧಸದೃಶ ಕಾರ್ಯಾಚರಣೆ ‘ಇ’. ವಾರ್ ಇಂಜುರಿ ಸಿಗುವುದು ‘ಇ’ ವರ್ಗಕ್ಕೆ. ಬಹಳ ಮಂದಿಗೆ ತಿಳಿಯದ ಸಂಗತಿಯೊಂದಿದೆ: ನಮ್ಮವರೇ ಹೂಳಿದ ನೆಲಬಾಂಬ್ ಆದರೂ, ಗಡಿಯ ಕಾರ್ಯಾಚರಣೆ ಪ್ರದೇಶದಲ್ಲಿ ಅದನ್ನು ಹೂಳುವಾಗಲೋ ತೆಗೆಯುವಾಗಲೋ ಸಿಡಿದು ಆದ ಗಾಯವೂ ‘ಇ’ ವರ್ಗದ್ದೇ. 2001–02ರ ಆಪರೇಷನ್ ಪರಾಕ್ರಮ್‌ನಲ್ಲಿ ಮೈನ್ ಸಿಡಿದು ಕಾಲು ಕಳೆದುಕೊಂಡವರು ಇದನ್ನು ಗಮನಿಸಬೇಕು.

ವ್ಯತ್ಯಾಸ ಎಷ್ಟು? ಲೆಕ್ಕಕ್ಕೆ ಪರಿಗಣಿಸುವ ವೇತನ 40,000 ರೂಪಾಯಿ ಎಂದಿಟ್ಟುಕೊಳ್ಳಿ; ಮೆಡಿಕಲ್ ಬೋರ್ಡ್ (ಸೇನಾ ವೈದ್ಯರ ಮಂಡಳಿ) ಕೊಟ್ಟ ವೈಕಲ್ಯ ಶೇ 40. ‘ಬ್ರಾಡ್ ಬ್ಯಾಂಡಿಂಗ್’ ಪ್ರಕಾರ ಶೇ 50ಕ್ಕಿಂತ ಕಡಿಮೆ ಇದ್ದದ್ದು 50 ಆಗುತ್ತದೆ. 50ರಿಂದ 75 ಇದ್ದದ್ದು 75. ಅದಕ್ಕಿಂತ ಹೆಚ್ಚು ಇದ್ದದ್ದು 100. ಸಾಮಾನ್ಯ ಡಿಸೆಬಿಲಿಟಿ ಎಲಿಮೆಂಟ್ (ಪಿಂಚಣಿಯಲ್ಲಿ ವೈಕಲ್ಯಕ್ಕೆಂದು ಕೊಡುವ ಭಾಗ) ಪೂರ್ಣ ವೈಕಲ್ಯಕ್ಕೆ ವೇತನದ ಶೇ 30. ಅದರ ಅರ್ಧ, ಅಂದರೆ ತಿಂಗಳಿಗೆ 6,000. ಇದೇ ಗಾಯ ವಾರ್ ಇಂಜುರಿ ಎಂದಾದರೆ, ಅವಧಿ ಮುಗಿಸಿ ನಿವೃತ್ತರಾದವರಿಗೆ ಶೇ 60ರ ಅರ್ಧ, 12,000. ಗಾಯದಿಂದಾಗಿಯೇ ಮೆಡಿಕಲ್ ಬೋರ್ಡ್ ಮೂಲಕ ಹೊರಬಂದವರಿಗೆ ಪೂರ್ಣ ವೇತನದ ಅರ್ಧ, 20,000. ಮೇಲೆ ತುಟ್ಟಿಭತ್ಯೆ.

ಈಗಾಗಲೇ ಡಿಸೆಬಿಲಿಟಿ ಎಲಿಮೆಂಟ್ ಬರುತ್ತಿದ್ದು, ಕಾರಣದ ವರ್ಗ ಮಾತ್ರ ತಪ್ಪಾಗಿ ನಮೂದಾಗಿರುವವರ ಹಾದಿ ಸುಲಭ. ಗಾಯವನ್ನು ಇಲಾಖೆ ಒಪ್ಪಿಕೊಂಡಾಗಿದೆ. ಅದು ಎಲ್ಲಿ, ಹೇಗೆ ಆಯಿತೆಂದು ತೋರಿಸಿದರೆ ಸಾಕು.

ಮನೆಯ ಟ್ರಂಕು ಮೊದಲು

ಡಿಸ್ಚಾರ್ಜ್ ಬುಕ್, ಇದುವರೆಗಿನ ಎಲ್ಲ ಪಿಪಿಒಗಳು, ಬಿಡುಗಡೆಯ ಹೊತ್ತಿನ ಮೆಡಿಕಲ್ ಬೋರ್ಡ್ ವರದಿ (ಎಎಫ್‌ಎಂಎಸ್‌ಎಫ್-16), ಆಸ್ಪತ್ರೆಯ ಚೀಟಿ, ಹಳೆಯ ಎಕ್ಸ್‌ರೇ, ಆಸ್ಪತ್ರೆಯಿಂದ ಮನೆಗೆ ಬರೆದ ಅಂಚೆ ಮೊಹರಿರುವ ಕಾಗದ – ಎಲ್ಲವನ್ನೂ ಒಂದೆಡೆ ಸೇರಿಸಿ. ಪದಕಗಳನ್ನೂ ನೋಡಿ. ಸಮರ ಸೇವಾ ಸ್ಟಾರ್ 1965ರದು, ಪೂರ್ವಿ ಸ್ಟಾರ್ ಮತ್ತು ಪಶ್ಚಿಮಿ ಸ್ಟಾರ್ 1971ರದು, ಆಪರೇಷನ್ ವಿಜಯ್ ಸ್ಟಾರ್ 1999ರದು. ಇವು ನೀವು ಆ ರಣರಂಗದಲ್ಲಿ ಇದ್ದಿರಿ ಎನ್ನುವುದಕ್ಕೆ ಸರ್ಕಾರವೇ ಕೊಟ್ಟ ಪುರಾವೆ. ಗಾಯವಾಯಿತು ಎನ್ನುವುದಕ್ಕೆ ಅಲ್ಲ, ಇವೆರಡನ್ನೂ ಬೆರೆಸಬೇಡಿ.

ಮೂಲಪ್ರತಿಗಳನ್ನು ಯಾವ ಕಚೇರಿಗೂ, ಯಾವ ಏಜೆಂಟನಿಗೂ ಕೊಡಬೇಡಿ. ಸ್ಕ್ಯಾನ್ ಮಾಡಿಸಿ, ಪ್ರತಿಗಳ ಮೇಲೆ ನೀವೇ ಸಹಿ ಹಾಕಿ ಕೊಡಿ.

ರೆಕಾರ್ಡ್ಸ್ ಆಫೀಸಿಗೆ ಮಾಹಿತಿ ಹಕ್ಕು ಅರ್ಜಿ

ಪಿಂಚಣಿಗೆ ಅರ್ಜಿ ಹಾಕುವ ಮುನ್ನ ನಿಮ್ಮ ಕಡತದಲ್ಲಿ ಏನಿದೆ ಎಂದು ನಿಮಗೆ ಗೊತ್ತಿರಬೇಕು. ಅದು ಇರುವುದು ನಿಮ್ಮ ಪಡೆಯ ರೆಕಾರ್ಡ್ಸ್ ಆಫೀಸಿನಲ್ಲಿ (ಸೇವಾ ದಾಖಲೆಗಳ ಕಚೇರಿ). ಮರಾಠಾ ಲೈಟ್ ಇನ್‌ಫೆಂಟ್ರಿಯ ರೆಕಾರ್ಡ್ಸ್ ಬೆಳಗಾವಿಯಲ್ಲಿ, ಬಾಂಬೆ ಸ್ಯಾಪರ್ಸ್‌ನದು (ಬಾಂಬೆ ಎಂಜಿನಿಯರ್ ಗ್ರೂಪ್) ಖಡಕಿಯಲ್ಲಿ, ಮದ್ರಾಸ್ ಸ್ಯಾಪರ್ಸ್‌ನದು ಬೆಂಗಳೂರಿನಲ್ಲಿ, ತೋಪುಪಡೆಯದು ನಾಸಿಕ್ ರೋಡ್‌ನಲ್ಲಿ, ಸಿಗ್ನಲ್ಸ್‌ನದು ಜಬಲ್ಪುರದಲ್ಲಿ, ಇಎಂಇಯದು (ಸೇನೆಯ ಯಂತ್ರೋಪಕರಣ ದುರಸ್ತಿ ದಳ) ಸಿಕಂದರಾಬಾದಿನಲ್ಲಿ. ನೌಕಾಪಡೆಯ ನಾವಿಕರಿಗೆ ಮುಂಬೈ ಮಾನಖುರ್ದ್‌ನ ಬ್ಯೂರೊ ಆಫ್ ಸೇಲರ್ಸ್.

ಶುಲ್ಕ 10 ರೂಪಾಯಿ. ಪೋಸ್ಟಲ್ ಆರ್ಡರ್ ಇಟ್ಟು ಸ್ಪೀಡ್ ಪೋಸ್ಟ್ ಮಾಡಬಹುದು, ಇಲ್ಲವೇ ಕೇಂದ್ರದ ಆರ್‌ಟಿಐ ಜಾಲತಾಣದಲ್ಲಿ ಹಾಕಬಹುದು. ಉತ್ತರಕ್ಕೆ 30 ದಿನ ಗಡುವು. ‘ನನ್ನ ಕಡತ ಕೊಡಿ’ ಎನ್ನಬೇಡಿ. ಒಂದೊಂದನ್ನೂ ಹೆಸರಿಟ್ಟು ಕೇಳಿ: ಗಾಯದ ವರದಿ (ಐಎಎಫ್‌ವೈ-2006), ಕ್ಯಾಶುವಲ್ಟಿ ಸಿಗ್ನಲ್‌ನ ಪ್ರತಿ, ಗಾಯದ ಬಗೆಗಿನ ಪಾರ್ಟ್-ಟೂ ಆರ್ಡರ್ (ಸೇವಾ ದಾಖಲೆಗೆ ನಮೂದು ಸೇರಿಸುವ ಘಟಕದ ಆದೇಶ), ಕೋರ್ಟ್ ಆಫ್ ಎನ್‌ಕ್ವಯರಿ ನಡೆದಿದ್ದರೆ ಅದರ ನಡಾವಳಿ, ಎಲ್ಲ ಮೆಡಿಕಲ್ ಬೋರ್ಡ್‌ಗಳ ವರದಿ, ಸೇರ್ಪಡೆಯ ದಿನದ ವೈದ್ಯಕೀಯ ಪರೀಕ್ಷೆಯ ಹಾಳೆ, ಶೀಟ್ ರೋಲ್ (ಸೇವಾ ವಿವರದ ಹಾಳೆ).

ಸೇರ್ಪಡೆಯ ಹಾಳೆ ಏಕೆ? ಸೇರುವಾಗ ನ್ಯೂನತೆ ಇದೆಯೆಂದು ಬರೆದಿಲ್ಲದಿದ್ದರೆ ಸೈನಿಕ ಆರೋಗ್ಯವಂತನಾಗಿದ್ದ ಎಂದೇ ತಿಳಿಯಬೇಕು; ವೈಕಲ್ಯಕ್ಕೂ ಸೇವೆಗೂ ಸಂಬಂಧವಿಲ್ಲವೆಂದು ಸಾಬೀತು ಮಾಡುವ ಹೊಣೆ ಇಲಾಖೆಯದು. ಧರಂವೀರ್ ಸಿಂಗ್ ಪ್ರಕರಣದ (2013) ತೀರ್ಪಿದು. ಕಿವಿ ಕೇಳಿಸದ, ಬೆನ್ನುಹುರಿಗೆ ಪೆಟ್ಟುಬಿದ್ದ ಪ್ರಕರಣಗಳಲ್ಲಿ ಇದರ ಬಲ ದೊಡ್ಡದು.

‘ಕಡತ ನಾಶವಾಗಿದೆ’ ಎಂಬ ಉತ್ತರ ಬಂದರೆ

ಹಳೆಯ ಪ್ರಕರಣಗಳು ಸೋಲುವುದು ಹೆಚ್ಚಾಗಿ ಇಲ್ಲೇ. ಪಿಂಚಣಿ ಇಲ್ಲದೆ ಹೊರಬಂದವರ ಸೇವಾ ದಾಖಲೆಗಳನ್ನು 25 ವರ್ಷದ ನಂತರ ನಾಶಪಡಿಸಲು ನಿಯಮವೇ ಇದೆ. ಆದರೆ ಲಾಂಗ್ ರೋಲ್ ಎಂಬ ದಪ್ಪ ದಾಖಲಾತಿ ಪುಸ್ತಕ ಉಳಿದಿರುತ್ತದೆ. ಸೇರಿದ ದಿನ, ಬಿಟ್ಟ ದಿನ, ಬಿಟ್ಟ ಕಾರಣ ಅದರಲ್ಲಿರುತ್ತದೆ. ‘ವೈದ್ಯಕೀಯ ಕಾರಣಕ್ಕೆ ಬಿಡುಗಡೆ’ ಎಂಬ ಒಂದೇ ಸಾಲಿದ್ದರೂ ಅದನ್ನು ಹಿಡಿದು ಮುಂದೆ ಹೋಗಬಹುದು. ಎರಡನೇ ಆರ್‌ಟಿಐ ಹಾಕಿ ಲಾಂಗ್ ರೋಲ್‌ನ ಪ್ರತಿಯನ್ನೂ, ನಿಮ್ಮ ಕಡತ ನಾಶಪಡಿಸಿದ ಆದೇಶ, ದಿನಾಂಕಗಳನ್ನೂ ಕೇಳಿ. ಕಡತ ಎಲ್ಲೋ ಸಿಕ್ಕಿಬಿಡುವುದೂ ಉಂಟು.

ಜೊತೆಗೆ ಬೇರೆ ಕಡೆ ಹುಡುಕಿ. ಕೃತಕ ಕಾಲು, ಕೈ ಹಾಕಿಸಿಕೊಂಡವರು ಪುಣೆಯ ಆರ್ಟಿಫಿಷಿಯಲ್ ಲಿಂಬ್ ಸೆಂಟರಿನಲ್ಲಿ (ಸ್ಥಾಪನೆ 1944) ತಮ್ಮ ನೋಂದಣಿಯ ವಿವರ ಕೇಳಲಿ. ಘಟಕದ ವಾರ್ ಡೈರಿಯಲ್ಲಿ (ಯುದ್ಧಕಾಲದ ದಿನಚರಿ ದಾಖಲೆ) ಆ ದಿನದ ಗಾಯಾಳುಗಳ ಉಲ್ಲೇಖವಿರಬಹುದು. ಕೊನೆಗೆ, ಅಂದು ಜೊತೆಗಿದ್ದವರ ಪ್ರಮಾಣಪತ್ರ: ಇಬ್ಬರು ಸಾಕು. ಆದರೆ ಅವರ ಸೇವಾ ಸಂಖ್ಯೆ, ಕಂಪನಿ, ದಿನಾಂಕ, ಜಾಗ, ತಾವು ಕಣ್ಣಾರೆ ಕಂಡದ್ದು ಇಷ್ಟೂ ಇರಬೇಕು. ಇಬ್ಬರದೂ ಅಕ್ಷರಶಃ ಒಂದೇ ಒಕ್ಕಣೆಯಾದರೆ ವಕೀಲರು ಬರೆಸಿದ್ದೆಂದು ಯಾರೂ ಅದಕ್ಕೆ ಬೆಲೆ ಕೊಡುವುದಿಲ್ಲ. ಅವರವರ ಮಾತಿನಲ್ಲೇ ಬರೆಸಿ.

ಅರ್ಜಿ

ಎರಡು ಪುಟ ಮೀರಬಾರದು. ಸೇವಾ ಸಂಖ್ಯೆ, ರ‍್ಯಾಂಕ್, ಹೆಸರು, ಘಟಕ, ಕಾರ್ಯಾಚರಣೆಯ ಹೆಸರು, ಗಾಯದ ದಿನ, ಜಾಗ, ಬಗೆ, ದಾಖಲಾದ ಆಸ್ಪತ್ರೆಗಳು ಅನುಕ್ರಮವಾಗಿ, ಈಗಿನ ತೊಂದರೆ, ಮತ್ತು ಬೇಡಿಕೆ. ಬ್ಯಾಟಲ್ ಕ್ಯಾಶುವಲ್ಟಿ ಎಂದು ನಮೂದಿಸಿ, ‘ಇ’ ವರ್ಗಕ್ಕೆ ಸೇರಿಸಿ, ವಾರ್ ಇಂಜುರಿ ಎಲಿಮೆಂಟ್ ಬ್ರಾಡ್ ಬ್ಯಾಂಡಿಂಗ್ ಸಮೇತ ಮಂಜೂರು ಮಾಡಿ ಎಂದು ಬಿಡಿಸಿ ಬರೆಯಿರಿ. ಪದಕದ ಬೇಡಿಕೆಗೆ ಪ್ರತ್ಯೇಕ ಹಾಳೆ. ನೆನಪಿಲ್ಲದ ದಿನಾಂಕವನ್ನು ಅಂದಾಜಿನಲ್ಲಿ ಬರೆಯಬೇಡಿ, ‘ಡಿಸೆಂಬರ್ 1971ರ ಎರಡನೇ ವಾರ’ ಎಂದರೆ ಸಾಕು. ತಪ್ಪು ದಿನಾಂಕ ಕಡತದ ದಿನಾಂಕಕ್ಕೆ ತಾಳೆಯಾಗದಿದ್ದರೆ ಇಡೀ ಅರ್ಜಿಯ ಮೇಲೆ ಸಂಶಯ ಬೀಳುತ್ತದೆ.

ಹೆಸರು ತಾಳೆಯಾಗದಿರುವುದು ಇನ್ನೊಂದು ತೊಡಕು. ಭರ್ತಿಯ ದಿನ ಹಿಂದಿ ಗುಮಾಸ್ತರು ‘ಸಿದ್ದಪ್ಪ’ನನ್ನು ‘ಸಿಡಪ್ಪ’ ಎಂದು ಬರೆದಿರುತ್ತಾರೆ. ಆಧಾರ್‌ನಲ್ಲಿ ಊರಿನ ಅಡ್ಡಹೆಸರೂ ಸೇರಿರುತ್ತದೆ. ಎರಡೂ ಹೆಸರಿನವರು ಒಬ್ಬರೇ ಎಂಬ ನೋಟರಿ ಪ್ರಮಾಣಪತ್ರವನ್ನು ಮೊದಲೇ ಲಗತ್ತಿಸಿ. ಪುಣೆಯ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ಮೂಲಕ ಒಂದು ಪ್ರತಿ ಕಳಿಸಿ, ಇನ್ನೊಂದನ್ನು ನೇರವಾಗಿ ರೆಕಾರ್ಡ್ಸ್‌ಗೆ ಸ್ಪೀಡ್ ಪೋಸ್ಟ್‌ನಲ್ಲಿ ಹಾಕಿ. ಸೈನಿಕ ಕಚೇರಿಯ ವ್ಯವಹಾರ ಮರಾಠಿಯಲ್ಲಿ. ಓದಲು ಬಾರದಿದ್ದರೆ ಓದಿಸಿಕೊಂಡ ಮೇಲೇ ಸಹಿ ಮಾಡಿ. ಅಂಚೆ ರಸೀದಿ ಜೋಪಾನ: ಮುಂದೆ ಗಡುವಿನ ಲೆಕ್ಕ ಶುರುವಾಗುವುದು ಅದರಿಂದಲೇ.

ಮೆಡಿಕಲ್ ಬೋರ್ಡ್

ವೈಕಲ್ಯದ ಪ್ರಮಾಣ ಹಿಂದೆ ನಿಗದಿಯಾಗಿಲ್ಲದಿದ್ದರೆ ಅಥವಾ ಹೆಚ್ಚಾಗಿದ್ದರೆ ರೆಕಾರ್ಡ್ಸ್ ಮೂಲಕವೇ ಮಿಲಿಟರಿ ಆಸ್ಪತ್ರೆಗೆ ಪತ್ರ ಹೋಗಬೇಕು. ನೀವಾಗಿ ಹೋದರೆ ಬೋರ್ಡ್ ಕೂರುವುದಿಲ್ಲ. ಖಾಸಗಿ ಆಸ್ಪತ್ರೆಯ ಸರ್ಟಿಫಿಕೇಟಿನಲ್ಲಿ ಶೇಕಡಾವಾರು ಬರೆಸಿ ತಂದರೆ ಬೋರ್ಡ್ ಅದಕ್ಕೆ ಕಟ್ಟುಬೀಳುವುದಿಲ್ಲ, ಆದರೆ ಎಕ್ಸ್‌ರೇ ಮತ್ತು ಶ್ರವಣ ಪರೀಕ್ಷೆಯ ವರದಿ ನಿಜವಾಗಿ ಉಪಯೋಗಕ್ಕೆ ಬರುತ್ತವೆ. ಮೈಯಲ್ಲಿ ಲೋಹದ ಚೂರಿದ್ದರೆ ಎಂಆರ್‌ಐ ಮಾಡಿಸುವ ಮುನ್ನ ತಪ್ಪದೆ ಹೇಳಿ. ಅಯಸ್ಕಾಂತದ ಸೆಳೆತಕ್ಕೆ ಚೂರು ಸರಿದು ಅಪಾಯವಾದೀತು. ಚೂರನ್ನು ತೋರಿಸಲು ಸಾಮಾನ್ಯ ಎಕ್ಸ್‌ರೇ ಸಾಕು.

ಬೋರ್ಡ್ ಮುಂದೆ ಶೌರ್ಯಕ್ಕಾಗಿ ‘ಏನಿಲ್ಲ ಸಾಹೇಬ್ರೆ, ಆರಾಮಿದೀನಿ’ ಎನ್ನುವ ಅಭ್ಯಾಸ ನಮ್ಮ ಸೈನಿಕರದು. ಅವರು ಅದನ್ನೇ ಬರೆದುಕೊಳ್ಳುತ್ತಾರೆ. ಮೆಟ್ಟಿಲು ಹತ್ತಲಾಗದು, ರಾತ್ರಿ ನೋವಿಗೆ ನಿದ್ದೆ ಬಾರದು, ಕೈಯಲ್ಲಿ ಲೋಟ ನಿಲ್ಲದು – ಇದ್ದದ್ದನ್ನು ಇದ್ದಂತೆ ಹೇಳಿ. ಸಾಮಾನ್ಯ ಡಿಸೆಬಿಲಿಟಿ ಎಲಿಮೆಂಟ್‌ಗೆ ಶೇ 20 ಕನಿಷ್ಠ ಮಿತಿ ಇರುವುದರಿಂದ ಈ ವಿವರಗಳ ಮೇಲೆ ಬಹಳ ನಿಂತಿದೆ.

ಗಾಯದ ನಂತರವೂ ಸೇವೆಯಲ್ಲಿ ಉಳಿದವರು ಒಂದು ವಿಷಯ ಪರಿಶೀಲಿಸಿಕೊಳ್ಳಬೇಕು. ಆಗ ಒಂದೇ ಗಂಟಿನ ಪರಿಹಾರ ಪಡೆದಿದ್ದರೆ ಅದೇ ಗಾಯಕ್ಕೆ ಈಗ ತಿಂಗಳ ಎಲಿಮೆಂಟ್ ಸಿಗುವುದಿಲ್ಲ.

ತಿರಸ್ಕೃತವಾದರೆ

ಪಿಂಚಣಿ ನಿರಾಕರಿಸಿದ ಪತ್ರದ ದಿನದಿಂದ ಆರು ತಿಂಗಳೊಳಗೆ ಮೊದಲ ಮೇಲ್ಮನವಿ, ಅದೂ ಬಿದ್ದರೆ ಎರಡನೆಯದು. ನಂತರ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಮಹಾರಾಷ್ಟ್ರ, ಗೋವಾದವರಿಗೆ ಅದರ ಮುಂಬೈ ಪೀಠ. ಅಂತಿಮ ಆದೇಶದಿಂದ ಆರು ತಿಂಗಳೊಳಗೆ ಹೋಗಬೇಕು. ಮನವಿಗೆ ಆರು ತಿಂಗಳಾದರೂ ಉತ್ತರವೇ ಬರದಿದ್ದರೆ ಅಲ್ಲಿಂದ ಮುಂದಿನ ಆರು ತಿಂಗಳೊಳಗೆ. ಅವಧಿ ಮೀರಿದ್ದರೆ ವಿಳಂಬ ಮನ್ನಿಸುವ ಅರ್ಜಿಯನ್ನು ಜೊತೆಗೇ ಹಾಕಿ, ಕಾರಣವನ್ನು ನೇರವಾಗಿ ಬರೆಯಿರಿ: ನಿಯಮ ತಿಳಿದಿರಲಿಲ್ಲ, ದಾಖಲೆ ಕೈಯಲ್ಲಿರಲಿಲ್ಲ, ಆರ್‌ಟಿಐ ಉತ್ತರ ಬಂದದ್ದು ಇಂಥ ದಿನ. ಹಿಂಬಾಕಿಯಲ್ಲಿ ಪಾಲು ಕೇಳುವ ವಕೀಲರಿಂದ ದೂರವಿರಿ. ಅಂಥ ಒಪ್ಪಂದ ವಕೀಲರ ನಿಯಮಕ್ಕೇ ವಿರುದ್ಧ.

ಆದೇಶ ಬಂದ ಮೇಲೆ

ಪ್ರಯಾಗ್‌ರಾಜ್‌ನ ಪಿಂಚಣಿ ಕಚೇರಿ ತಿದ್ದುಪಡಿ ಪಿಪಿಒ ಹೊರಡಿಸುತ್ತದೆ. ಸ್ಪರ್ಶ್ ಎಂಬ ರಕ್ಷಣಾ ಪಿಂಚಣಿ ಜಾಲತಾಣದ ನಿಮ್ಮ ಖಾತೆಯಲ್ಲಿ ಅದನ್ನು ನೋಡಬಹುದು. ಅದರಲ್ಲಿ ‘ವಾರ್ ಇಂಜುರಿ ಎಲಿಮೆಂಟ್’ ಎಂದೇ ಇದೆಯೇ, ಬ್ರಾಡ್ ಬ್ಯಾಂಡಿಂಗ್ ನಂತರದ ಶೇಕಡಾವಾರು ಇದೆಯೇ, ಜಾರಿಯ ದಿನಾಂಕ ಆದೇಶದಂತೆಯೇ ಇದೆಯೇ, ಪತ್ನಿಯ ಹೆಸರು, ಜನ್ಮದಿನಾಂಕ ಸರಿಯಿದೆಯೇ ಎಂದು ಒಂದೊಂದಾಗಿ ನೋಡಿ. ತಪ್ಪಿದ್ದರೆ ಸ್ಪರ್ಶ್‌ನಲ್ಲೇ ದೂರು ದಾಖಲಿಸಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಪ್ರಕರಣ ನಡೆಯುತ್ತಿರುವಾಗಲೇ ಸೈನಿಕರು ತೀರಿಕೊಂಡರೆ ಬೇಡಿಕೆ ಅಲ್ಲಿಗೇ ಮುಗಿಯುವುದಿಲ್ಲ. ಪತ್ನಿ ವಾರಸುದಾರಳಾಗಿ ಅದನ್ನು ಮುಂದುವರಿಸಿ, ಅವರು ಬದುಕಿದ್ದ ದಿನದವರೆಗಿನ ಬಾಕಿಯನ್ನು ಪಡೆಯಬಹುದು.