ದೇವರ ಚಿತ್ತ ಕೇಳುವ ಮೊದಲು ತಕ್ಕಡಿಯ ಮುಳ್ಳು ನೋಡಿ

"ದೇವರ ಚಿತ್ತ ಹೇಗಿದೆಯೋ ನೋಡೋಣ" ಎಂಬ ಮಾತು ನಮ್ಮ ಶಿವಮೊಗ್ಗ ಕಡೆಯ ಕ್ರೈಸ್ತ ಸಭೆಗಳಲ್ಲಿ ಎರಡು ಸಂದರ್ಭದಲ್ಲಿ ಬರುತ್ತದೆ. ಒಂದು, ನಿಜವಾಗಿಯೂ ದಾರಿ ಕಾಣದಾಗ. ಇನ್ನೊಂದು, ಬಂದ ಸಂಬಂಧವನ್ನು ನಯವಾಗಿ ಬೇಡ ಅನ್ನಬೇಕಾದಾಗ. ನಾನು ಬರೆಯುತ್ತಿರುವುದು ಮೊದಲಿನದರ ಬಗ್ಗೆ.

ಶುರು ಮಾಡುವುದು ನೋಟ್‌ಬುಕ್ಕಿನಿಂದ. ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ, ಹೌದು ಅಥವಾ ಇಲ್ಲ ಎನ್ನುವ ಹಾಗೆ ಬರೆದುಕೊಳ್ಳುತ್ತೇನೆ. "ನನ್ನ ಮುಂದಿನ ಗತಿ ಏನು ಕರ್ತನೇ" ಎಂಬುದು ಪ್ರಶ್ನೆಯಲ್ಲ, ನಿಟ್ಟುಸಿರು. "ತೀರ್ಥಹಳ್ಳಿಯ ಅಡಿಕೆ ತೋಟ ಮಾರಿ, ಮಕ್ಕಳ ಓದಿಗೆ ಶಿವಮೊಗ್ಗದಲ್ಲಿ ಮನೆ ಮಾಡಲೆ?" ಎಂಬುದು ಪ್ರಶ್ನೆ. ಪಕ್ಕದಲ್ಲಿ ತಾರೀಕು ಮತ್ತು ಗಡುವು. ಗಡುವು ಇಲ್ಲದಿದ್ದರೆ 30 ದಿನ ಇಟ್ಟುಕೊಳ್ಳುತ್ತೇನೆ.

ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಆಗಲೇ ಉತ್ತರ ಇರುವುದನ್ನು ಮತ್ತೆ ಕೇಳಬಾರದು. ಪವಿತ್ರವಾಗಿ ಬದುಕುವುದು, ಎಲ್ಲದರಲ್ಲೂ ಕೃತಜ್ಞತೆ ಸಲ್ಲಿಸುವುದು ದೇವರ ಚಿತ್ತವೆಂದು 1 ಥೆಸಲೋನಿಕ 4:3 ಮತ್ತು 5:18 ನೇರವಾಗಿಯೇ ಹೇಳುತ್ತವೆ. ತಮ್ಮನ ಪಾಲಿನ ಪಹಣಿಯನ್ನು ನನ್ನ ಹೆಸರಿಗೆ ಮಾಡಿಸಿಕೊಳ್ಳಲೆ ಎಂದು ಉಪವಾಸ ಪ್ರಾರ್ಥನೆಗೆ ಕೂತರೆ ಹೊಟ್ಟೆ ಹಸಿಯುತ್ತದೆ ಅಷ್ಟೆ.

ಮೊದಲ ವಾರ ಉತ್ತರವನ್ನೇ ಕೇಳುವುದಿಲ್ಲ. 16ನೇ ಶತಮಾನದ ಸಂತ ಇಗ್ನೇಷಿಯಸ್ ಲೊಯೋಲಾ ಕೊಟ್ಟ ಹೋಲಿಕೆಯನ್ನು ಅಡಿಕೆ ಮಂಡಿ ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ: ಮನಸ್ಸು ಸಮತೂಕದಲ್ಲಿ ನಿಂತ ತಕ್ಕಡಿಯ ಹಾಗಿರಬೇಕು, ಆ ಕಡೆಗೂ ವಾಲಬಾರದು, ಈ ಕಡೆಗೂ ವಾಲಬಾರದು. (ನಮ್ಮದು ಪ್ರಾಟೆಸ್ಟೆಂಟ್ ಸಭೆ, ಸಂತರ ಹೆಸರೆತ್ತಿದರೆ ಕೆಲವರು ಹುಬ್ಬೇರಿಸುತ್ತಾರೆ. ತಕ್ಕಡಿಗೆ ಪಂಗಡವಿಲ್ಲ.) ಬೆಳಿಗ್ಗೆ 20 ನಿಮಿಷ: ಐದು ನಿಮಿಷ ಸುಮ್ಮನೆ ಕೂರುವುದು, ಹತ್ತು ನಿಮಿಷ ಓದು, ಐದು ನಿಮಿಷ ಬರವಣಿಗೆ. ಏಳು ದಿನವೂ ಒಂದೇ ಭಾಗ, ಮತ್ತಾಯ 26:36ರಿಂದ 46. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೆಮನೆಯಲ್ಲಿ ಯೇಸು ಮೂರು ಸಲ ಪ್ರಾರ್ಥಿಸುತ್ತಾನೆ. 39ನೇ ವಚನದಲ್ಲಿ ಈ ಪಾತ್ರೆ, ಅಂದರೆ ಬರಲಿರುವ ಸಂಕಟ, ತಪ್ಪಿಹೋಗಲಿ ಎಂಬ ಆಸೆ ಮೊದಲು, ತಂದೆಯ ಚಿತ್ತ ಆಮೇಲೆ. 42ಕ್ಕೆ ಬರುವಾಗ ಕುಡಿಯಲೇಬೇಕಾದರೆ ನಿನ್ನ ಚಿತ್ತವೇ ಆಗಲಿ ಎಂಬಲ್ಲಿಗೆ ಮಾತು ಸರಿದಿರುತ್ತದೆ. ಆಸೆಯನ್ನು ಬಚ್ಚಿಟ್ಟರೆ ಆ ಸರಿಯುವಿಕೆ ಆಗುವುದೇ ಇಲ್ಲ. ಹಾಗಾಗಿ ನೋಟ್‌ಬುಕ್ಕಿನಲ್ಲಿ ಮೊದಲು ನಿಜ ಬರೆಯಬೇಕು: "ಮಕ್ಕಳ ಓದು ನೆಪ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಿ ಹೊಡೆಸಿ ಸಾಕಾಗಿದೆ."

ಎರಡನೇ ವಾರದಿಂದ ಎದುರುಬದುರು ಎರಡು ಪುಟ, ಒಂದರಲ್ಲಿ ಮಾರಿದರೆ ಏನು, ಇನ್ನೊಂದರಲ್ಲಿ ಉಳಿಸಿಕೊಂಡರೆ ಏನು. ರಾತ್ರಿ ಎರಡು ಸಾಲು: ಇಂದು ಯಾವ ಯೋಚನೆ ದೇವರ ಹತ್ತಿರ ಎಳೆಯಿತು, ಯಾವುದು ಒಣಗಿಸಿತು. ಜೊತೆಗೆ ಮಳೆ, ನಿದ್ದೆ, ಜ್ವರ ಇದ್ದರೆ ಅದನ್ನೂ ಬರೆಯಬೇಕು. ಜಡಿಮಳೆಯ ಮೂರನೇ ದಿನ, ಕರೆಂಟ್ ಇಲ್ಲದೆ, ಬಟ್ಟೆ ಒಣಗದೆ ಕೂತಾಗ ಯಾರಿಗೆ ತಾನೇ ತೋಟ ಮಾರಬೇಕು ಅನ್ನಿಸುವುದಿಲ್ಲ? ಮನಸ್ಸು ಒಣಗಿದ ಹೊತ್ತಲ್ಲಿ ಹಿಂದಿನ ತೀರ್ಮಾನ ಬದಲಿಸಬಾರದು ಎಂಬುದು ಇಗ್ನೇಷಿಯಸ್‌ನ ಕಟ್ಟುನಿಟ್ಟಿನ ನಿಯಮ. ರಾಶಿ ಅಡಿಕೆಯ ದರ ಏರಿದ ದಿನವೇ "ಇಲ್ಲೇ ಇರು" ಎಂಬ ಸಮಾಧಾನ ಸಿಕ್ಕರೆ ಅದನ್ನೂ ಅನುಮಾನದಿಂದಲೇ ನೋಡುತ್ತೇನೆ.

ಹೆಚ್ಚಿನವರು ಎಡವುವುದು ಗುರುತು ಕೇಳುವಲ್ಲಿ. ನೆರೆಯವರು ದೇವಸ್ಥಾನದಲ್ಲಿ ಹೂವಿನ ಪ್ರಸಾದ ಕೇಳುತ್ತಾರೆ. ಅದು ಅವರ ಕ್ರಮ, ಅದಕ್ಕೊಂದು ವಿಧಿ ಇದೆ. ನಮ್ಮವರು ಕಣ್ಣುಮುಚ್ಚಿ ಸತ್ಯವೇದ ತೆರೆದು ಬೆರಳಿಡುತ್ತಾರೆ. ನಡುವೆ ತೆರೆದರೆ ಕೀರ್ತನೆಗಳ ಆಸುಪಾಸೇ ಬರುತ್ತದೆ, ಅದೂ ಬೈಂಡಿಂಗ್ ಸಡಿಲಾದ ಪುಟ. ಉಣ್ಣೆಯ ಮೇಲಷ್ಟೇ ಇಬ್ಬನಿ ಬೀಳಲಿ ಎಂದು ಗುರುತು ಕೇಳಿದ ಗಿದ್ಯೋನನ ಉದಾಹರಣೆ ಕೊಡುವವರು ನ್ಯಾಯಸ್ಥಾಪಕರು 6ನ್ನು ಮೊದಲಿನಿಂದ ಓದಲಿ. ದೇವರು ಅವನಿಗೆ ಏನು ಮಾಡಬೇಕೆಂದು ಆಗಲೇ ಹೇಳಿಯಾಗಿತ್ತು, ಉಣ್ಣೆ ಬಂದದ್ದು ಅಳುಕಿನಿಂದ. ಜುಲೈ ತಿಂಗಳಲ್ಲಿ ಆಗುಂಬೆಯಲ್ಲಿ ಕೂತು "ನಾಳೆ ಮಳೆ ಬಂದರೆ ಹೌದು" ಎಂದು ಕೇಳುವವರು ಉತ್ತರವನ್ನು ತಾವೇ ಬರೆದಿಟ್ಟುಕೊಂಡಿರುತ್ತಾರೆ.

ಮೂರನೇ ವಾರ ಮೂವರನ್ನು ಕೇಳುತ್ತೇನೆ: ತೋಟದ ಲೆಕ್ಕ ಬಲ್ಲವರೊಬ್ಬರು, ಈ ತೀರ್ಮಾನದಿಂದ ನಷ್ಟವಾಗುವವರೊಬ್ಬರು, ಪ್ರಾರ್ಥನೆಯಲ್ಲಿ ಪಳಗಿದ ಹಿರಿಯರೊಬ್ಬರು. "ನನಗಾಗಿ ಪ್ರಾರ್ಥಿಸಿ" ಎಂದಷ್ಟೇ ಹೇಳಿದರೆ ಎಲ್ಲರೂ ಆಮೆನ್ ಅನ್ನುತ್ತಾರೆ. "ಇದರಲ್ಲಿ ನಾನು ಎಲ್ಲಿ ತಪ್ಪುತ್ತಿದ್ದೇನೆ ಹೇಳಿ" ಎಂದು ಕೇಳಬೇಕು. "ಕರ್ತನು ನನಗೆ ತೋರಿಸಿದ್ದಾನೆ, ನೀನು ಮಾರಲೇಬೇಕು" ಎಂದು ಯಾರಾದರೂ ಹೇಳಿದರೆ ವಾದ ಬೇಡ. ತಾರೀಕು ಹಾಕಿ ಬರೆದಿಟ್ಟುಕೊಳ್ಳುವುದು, ಅದೊಂದನ್ನೇ ನಂಬಿ ಹೆಜ್ಜೆ ಇಡದಿರುವುದು.

ಈ ನಡುವೆ ಕಾಗದಪತ್ರದ ಕೆಲಸ ನಿಲ್ಲಬಾರದು. ಪರ್ಷಿಯಾದ ರಾಜನ ಸೇವೆಯಲ್ಲಿದ್ದ ನೆಹೆಮೀಯ, ಯೆರೂಸಲೇಮಿನ ಗೋಡೆ ಮತ್ತೆ ಕಟ್ಟುವ ಆಸೆಯಿಂದ, ಯೆಹೂದ್ಯರ ತಿಂಗಳಾದ ಕಿಸ್ಲೇವ್‌ನಿಂದ ನೀಸಾನ್ ತನಕ, ಸುಮಾರು ನಾಲ್ಕು ತಿಂಗಳು ಪ್ರಾರ್ಥಿಸಿದ. ರಾಜ ಏನು ಬೇಕೆಂದು ಕೇಳಿದಾಗ ಪಟ್ಟಿ ಬಾಯಲ್ಲೇ ಇತ್ತು: ಇಷ್ಟು ದಿನದ ರಜೆ, ಹೊಳೆಯಾಚೆಯ ಅಧಿಪತಿಗಳಿಗೆ ಪತ್ರ, ಮರಕ್ಕಾಗಿ ವನಪಾಲಕ ಆಸಾಫನಿಗೆ ಇನ್ನೊಂದು ಪತ್ರ. ಋಣಭಾರ ಪತ್ರ ತೆಗೆಸುವುದು, ಶಾಲೆಯ ಫೀಸು, ಬಾಡಿಗೆ ವಿಚಾರಿಸುವುದು ಅಪನಂಬಿಕೆಯಲ್ಲ.

ಗಡುವಿನ ದಿನ ತೀರ್ಮಾನವನ್ನು ಒಂದು ಸಾಲಿನಲ್ಲಿ ಬರೆದು ಪ್ರಾರ್ಥನೆಯಲ್ಲಿ ಒಪ್ಪಿಸುತ್ತೇನೆ. ಆಮೇಲೆ ಏಳು ದಿನ, ಮನೆಯವರ ಹೊರತು ಯಾರಿಗೂ ಹೇಳದೆ, ತೀರ್ಮಾನ ಆಗಿಹೋಗಿದೆ ಎಂಬಂತೆಯೇ ನಡೆದುಕೊಳ್ಳುವುದು. ರಾತ್ರಿಯ ಎರಡು ಸಾಲು ಮುಂದುವರಿಯುತ್ತದೆ. ಏನೂ ಸ್ಪಷ್ಟವಾಗದಿದ್ದರೆ ಇದ್ದಲ್ಲೇ ಇದ್ದು, ಮತ್ತೆ ಕೇಳುವ ತಾರೀಕು ಬರೆದು ಪುಟ ಮುಚ್ಚುತ್ತೇನೆ. ಆ ವಾರ ಮುಗಿಯುವ ತನಕ ಯಾರಿಂದಲೂ ಮುಂಗಡ ತೆಗೆದುಕೊಳ್ಳಬಾರದು. ಕೈಗೆ ದುಡ್ಡು ಬಂತೆಂದರೆ ಮುಳ್ಳು ಮತ್ತೆ ವಾಲುತ್ತದೆ.