ಹನ್ನೆರಡು ಜನ, ಮೂರು ಕೆಜಿ ಅವರೆಕಾಯಿ, ಒಂದು ಡಬ್ಬಿ ಕಲ್ಕಲ್

ಡಿಸೆಂಬರ್ ಕೊನೆಯ ವಾರಗಳಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ ಸೊಗಡವರೆ ರಾಶಿ ಬಿದ್ದಿರುತ್ತದೆ. ಅದೇ ಹೊತ್ತಿಗೆ ಕೆಜಿಎಫ್ ಕಡೆಯ ಕ್ರೈಸ್ತರ ಮನೆಗಳಲ್ಲಿ ಕ್ರಿಸ್‌ಮಸ್‌ಗೆಂದು ಕಲ್ಕಲ್ ಎಂಬ ಕರಿದ ಸಿಹಿತಿಂಡಿಗೆ ಹಿಟ್ಟು ಕಲೆಸುತ್ತಿರುತ್ತಾರೆ. ಅವರೆ ಹಿತುಕುವುದು, ಅಂದರೆ ನೆನೆದ ಕಾಳನ್ನು ಒತ್ತಿ ಸಿಪ್ಪೆ ಬಿಡಿಸುವುದು, ಕಲ್ಕಲ್ ಒತ್ತುವುದು ಎರಡೂ ಒಂದೇ ಜಾತಿಯ ಕೆಲಸ. ಒಬ್ಬರೇ ಕೂತರೆ ಬೆನ್ನು ಹಿಡಿಯುತ್ತದೆ, ಆರು ಜನ ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಗೆಳೆಯರು ಬಂದಾಗ ಏನು ಮಾಡಿಸುವುದು, ಯಾವ ಆಟ ಆಡಿಸುವುದು ಎಂದು ತಲೆ ಕೆಡಿಸಿಕೊಳ್ಳುವ ಬದಲು ಎಲ್ಲರ ಮುಂದೆ ಒಂದೊಂದು ತಟ್ಟೆ ಇಟ್ಟುಬಿಡಿ. ಕೈಗೆ ಕೆಲಸ ಸಿಕ್ಕರೆ ಮೊಬೈಲು ತಾನಾಗಿ ಕೆಳಗಿಳಿಯುತ್ತದೆ. ಮಾತು ಬಾರದವರೂ ಮಾತಿಗೆ ಕೂರುತ್ತಾರೆ.

ಕೆಳಗಿನ ಅಳತೆಯೆಲ್ಲ ಹನ್ನೆರಡು ಜನಕ್ಕೆ, ಶನಿವಾರ ಸಂಜೆ ಐದಕ್ಕೆ ಶುರುವಾಗಿ ರಾತ್ರಿ ಒಂಬತ್ತೂವರೆಗೆ ಮುಗಿಯುವ ಕೂಟಕ್ಕೆ.

ದಿನ ಮತ್ತು ಊಟದ ವಿಚಾರ

24ರ ರಾತ್ರಿ, 25ರ ಬೆಳಿಗ್ಗೆ ಬೇಡ. ಚರ್ಚಿಗೆ ಹೋಗುವ ಗೆಳೆಯರಿಗೆ ಆಗ ಬಿಡುವಿರುವುದಿಲ್ಲ, ಕರೆದರೆ ಮುಲಾಜಿಗೆ ಬಂದು ಗಡಿಯಾರ ನೋಡುತ್ತ ಕೂರುತ್ತಾರೆ. ಹಬ್ಬಕ್ಕೆ ಮುಂಚಿನ ಶನಿವಾರವಾದರೆ ಅಂದು ಮಾಡಿದ ಕಲ್ಕಲ್ ಅವರ ಹಬ್ಬಕ್ಕೂ ಒದಗುತ್ತದೆ. ಅದು ಆಗದಿದ್ದರೆ 26ರಿಂದ 30ರ ನಡುವೆ ಯಾವ ದಿನವಾದರೂ ಸರಿ.

ಕರೆಯುವಾಗಲೇ ಯಾರು ಏನು ತಿನ್ನುತ್ತಾರೆ ಎಂದು ಕೇಳಿಟ್ಟುಕೊಳ್ಳಿ. ನಮ್ಮ ಕಡೆ ನವೆಂಬರ್ ನಡುವಿನಿಂದ ಜನವರಿ ನಡುವಿನವರೆಗೆ ಅಯ್ಯಪ್ಪ ಮಾಲೆ ಹಾಕಿದವರು ಪ್ರತಿ ಗುಂಪಿನಲ್ಲೂ ಒಬ್ಬರಾದರೂ ಇರುತ್ತಾರೆ. ಕೆಲವರು ಬೇರೆ ಮನೆಯಲ್ಲಿ ಊಟ ಮಾಡುವುದೇ ಇಲ್ಲ, ಕೆಲವರಿಗೆ ಸಸ್ಯಾಹಾರವಾದರೆ ಸಾಕು. ಧನುರ್ಮಾಸದಲ್ಲಿ ಮೊಟ್ಟೆ, ಮಾಂಸ ಬಿಟ್ಟವರೂ ಇರಬಹುದು. ಹಾಗಾಗಿ ಇಲ್ಲಿ ಹೇಳುವ ಅಡುಗೆಯಲ್ಲಿ ಮೊಟ್ಟೆಯೇ ಇಲ್ಲ. ಒಂದೇ ಪಂಕ್ತಿಯಲ್ಲಿ ಇಬ್ಬರಿಗೆ ಬೇರೆ ಪಾತ್ರೆ, ಬೇರೆ ಸೌಟು ಎಂದಾದರೆ ಕೂಟದ ರುಚಿ ಅರ್ಧ ಹೋದ ಹಾಗೆ.

ಬೆಂಗಳೂರಿಂದ ಬರುವವರಿದ್ದರೆ ವಾಪಸ್ ಬಸ್ಸೋ ಬಂಗಾರಪೇಟೆಯ ರೈಲೋ ಎಷ್ಟು ಹೊತ್ತಿಗಿದೆ ಎಂದು ಮೊದಲೇ ನೋಡಿಕೊಳ್ಳಲಿ. ಅದನ್ನು ಹಿಡಿದು ಊಟದ ಹೊತ್ತು ಗೊತ್ತುಮಾಡಿ.

ಹಿಂದಿನ ದಿನ: ಅವರೆಕಾಯಿ

ಶುಕ್ರವಾರ ಸಂಜೆ ಮೂರು ಕೆಜಿ ಕಾಯಿ ತನ್ನಿ. ಆರಿಸುವಾಗ ಕಣ್ಣಿಗಿಂತ ಮೂಗು, ಬೆರಳು ಮುಖ್ಯ. ಕಾಯಿಯನ್ನು ಉಜ್ಜಿದರೆ ಬೆರಳಿಗೆ ಎಣ್ಣೆಯಂಥ ಜಿಡ್ಡು ಹತ್ತಬೇಕು, ಘಾಟು ಮೂಗಿಗೆ ಬಡಿಯಬೇಕು. ಅದೇ ಸೊಗಡು. ನುಣ್ಣಗೆ ಹೊಳೆಯುವ, ವಾಸನೆಯೇ ಇಲ್ಲದ ಕಾಯಿ ಎಷ್ಟು ಚೆಂದ ಕಂಡರೂ ಸಾರಿಗೆ ಬಾರದು. ಸಿಪ್ಪೆಯ ಮೇಲೆ ಸೂಜಿಮೊನೆಯಷ್ಟು ತೂತಿದ್ದರೆ ಒಳಗೆ ಹುಳ ಇದೆ ಎಂದೇ ಲೆಕ್ಕ. ಮೈ ಉಬ್ಬಿ, ಒಳಗಿನ ಕಾಳು ಕೈಗೆ ತಿಳಿಯುವಂಥ ಬಲಿತ ಕಾಯಿಯೇ ಹಿತುಕಲು ಬೇಕು. ಎಳೆ ಕಾಳು ಒತ್ತಿದರೆ ಸಿಪ್ಪೆ ಬಿಡದೆ ಜಜ್ಜಿಹೋಗುತ್ತದೆ.

ರಾತ್ರಿಯೇ ಬಿಡಿಸಿ. ಮೂರು ಕೆಜಿ ಕಾಯಿಗೆ ಕಾಳು ಅರ್ಧಕ್ಕಿಂತ ಕಡಿಮೆಯೇ ಸಿಗುವುದು. ಅದರಲ್ಲಿ ಎಳೆಯದನ್ನು ಬೇರೆ ಎತ್ತಿಡಿ. ಹಿತುಕಿದ ಮೇಲೆ ಸುಮಾರು 900 ಗ್ರಾಂ ಬೇಳೆ ಕೈಗೆ ಬಂದರೆ ಹನ್ನೆರಡು ಜನಕ್ಕೆ ಸಾಕು.

ಶನಿವಾರ ಬೆಳಿಗ್ಗೆ ಏಳಕ್ಕೆ ಕಾಳನ್ನು ನೀರಿಗೆ ಹಾಕಿ, ಮೇಲೆ ನಾಲ್ಕು ಬೆರಳು ನೀರು ನಿಲ್ಲಬೇಕು. ಡಿಸೆಂಬರಿನ ತಣ್ಣೀರಿನಲ್ಲಿ ಕಾಳು ನಿಧಾನವಾಗಿ ಊದುತ್ತದೆ. ಒಂಬತ್ತು, ಹತ್ತು ಗಂಟೆ ಬೇಕು. ಮರೆತು ಮಧ್ಯಾಹ್ನ ಹಾಕಿದರೆ ಉಗುರು ಬೆಚ್ಚಗಿನ ನೀರು ಬಳಸಿ, ನಾಲ್ಕೈದು ತಾಸಿನಲ್ಲಿ ಹದಕ್ಕೆ ಬರುತ್ತದೆ. ಬಿಸಿನೀರು ಮಾತ್ರ ಬೇಡ. ಮೇಲ್ಮೈ ಅರೆಬೆಂದು ಸಿಪ್ಪೆ ಕಚ್ಚಿಕೊಳ್ಳುತ್ತದೆ. ಇಡೀ ಹಗಲು, ಇಡೀ ರಾತ್ರಿ ನೆನೆಯಲು ಬಿಟ್ಟರೆ ಹುಳಿ ವಾಸನೆ ಹಿಡಿಯುತ್ತದೆ.

ಕಲ್ಕಲ್: ಮೊದಲು ಇದೇ

ಸಂಜೆ ಮೊದಲು ಕಲ್ಕಲ್, ಆಮೇಲೆ ಅವರೆ. ಇದನ್ನು ತಿರುವುಮುರುವು ಮಾಡಬೇಡಿ. ಅವರೆ ಮುಟ್ಟಿದ ಕೈಯ ಸೊಗಡು ಒಂದು ಸಲ ಸೋಪು ಹಾಕಿದರೆ ಹೋಗುವಂಥದಲ್ಲ. ಅದೇ ಕೈಯಲ್ಲಿ ಸಿಹಿ ಹಿಟ್ಟು ಹಿಡಿದರೆ ಕಲ್ಕಲ್ ಅವರೆಕಾಯಿ ನಾರುತ್ತದೆ.

ಬೇಕಾದದ್ದು ಮೈದಾ ಅರ್ಧ ಕೆಜಿ, ಚಿರೋಟಿ ರವೆ 100 ಗ್ರಾಂ, ಪುಡಿ ಮಾಡಿದ ಸಕ್ಕರೆ 150 ಗ್ರಾಂ, ತುಪ್ಪ ಅಥವಾ ಬೆಣ್ಣೆ 50 ಗ್ರಾಂ, ಗಟ್ಟಿ ತೆಂಗಿನ ಹಾಲು 200 ಎಂಎಲ್, ಚಿಟಿಕೆ ಉಪ್ಪು, ನಾಲ್ಕು ಏಲಕ್ಕಿ. ಕರಿಯಲು ಮುಕ್ಕಾಲು ಲೀಟರ್ ಎಣ್ಣೆ.

ಮೈದಾ, ರವೆ, ಸಕ್ಕರೆ, ಉಪ್ಪು, ಏಲಕ್ಕಿ ಪುಡಿ ಬೆರೆಸಿ, ತುಪ್ಪವನ್ನು ಚೆನ್ನಾಗಿ ಕಾಯಿಸಿ ಮೇಲೆ ಸುರಿಯಿರಿ. ಕೈ ಸುಡದಷ್ಟು ಆರಿದ ಮೇಲೆ ಎರಡೂ ಅಂಗೈಯಲ್ಲಿ ಉಜ್ಜಿ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು, ಬೆರಳು ತಾಗಿಸಿದರೆ ಉದುರಬೇಕು. ಈಗ ತೆಂಗಿನ ಹಾಲನ್ನು ಸ್ವಲ್ಪ ಸ್ವಲ್ಪವೇ ಹಾಕಿ. ಅಷ್ಟನ್ನೂ ಒಟ್ಟಿಗೆ ಸುರಿಯಬಾರದು, ಏಕೆಂದರೆ ಸಕ್ಕರೆ ಕರಗುತ್ತಾ ಹಿಟ್ಟು ತಾನೇ ಸಡಿಲಾಗುತ್ತದೆ. ಕಲೆಸುವಾಗ ಸರಿಯಿದೆ ಅನ್ನಿಸಿದ ಹಿಟ್ಟು ಅರ್ಧ ಗಂಟೆಯ ನಂತರ ಕೈಗೆ ಅಂಟುತ್ತದೆ. ಪೂರಿ ಹಿಟ್ಟಿನಷ್ಟು ಗಟ್ಟಿ ಇರುವಾಗಲೇ ನಿಲ್ಲಿಸಿ, ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಿ. ಚಪಾತಿಗೆ ನಾದಿದ ಹಾಗೆ ನಾದಲು ಹೋಗಬೇಡಿ. ಮೈದಾ ನಾದಿದಷ್ಟೂ ಜಿಗಿ ಬಂದು, ಕರಿದ ಮೇಲೆ ಹಲ್ಲಿಗೆ ಸವಾಲಾಗುತ್ತದೆ. ಇದನ್ನೆಲ್ಲ ನಾಲ್ಕೂವರೆಗೆ ಮುಗಿಸಿಟ್ಟರೆ ಐದಕ್ಕೆ ಜನ ಬರುವಾಗ ಹಿಟ್ಟು ಸಿದ್ಧ.

ಒತ್ತಲು ಹೊಸ ಬಾಚಣಿಗೆ ಬೇಕು. ಮನೆಯಲ್ಲಿ ಬಳಸಿದ್ದು ಬೇಡ ಎಂದು ಹೇಳುವ ಅಗತ್ಯವಿಲ್ಲ, ಆದರೂ ಹೇಳುವುದು ಒಳ್ಳೆಯದು. ಅಗಲ ಹಲ್ಲಿನ ಆರು ಬಾಚಣಿಗೆ ತಂದು ಬಿಸಿನೀರಿನಲ್ಲಿ ತೊಳೆದು ಒರೆಸಿಡಿ. ಮುಳ್ಳು ಚಮಚದ ಬೆನ್ನೂ ಆದೀತು. ಬಾಚಣಿಗೆಗೆ ಎಣ್ಣೆ ಸವರಿ, ದಪ್ಪ ಗೋಲಿಯಷ್ಟು ಉಂಡೆಯನ್ನು ಅಂದರೆ ಸುಮಾರು ಐದು ಗ್ರಾಂ ಹಿಟ್ಟನ್ನು ಹಲ್ಲಿನ ಮೇಲಿಟ್ಟು ಹೆಬ್ಬೆರಳಲ್ಲಿ ತೆಳ್ಳಗೆ ಒತ್ತಿ. ಒಂದು ಅಂಚಿನಿಂದ ಸುತ್ತುತ್ತ ಬನ್ನಿ, ಗೆರೆಗೆರೆಯಾದ ಸಣ್ಣ ಶಂಖ ಬರುತ್ತದೆ. ಕೊನೆಯಲ್ಲಿ ಅಂಚನ್ನು ಒತ್ತಿ ಕೂರಿಸಲೇಬೇಕು, ಇಲ್ಲವಾದರೆ ಎಣ್ಣೆಯಲ್ಲಿ ಬಿಚ್ಚಿಕೊಂಡು ಹಪ್ಪಳದ ಚೂರಿನ ಹಾಗೆ ತೇಲುತ್ತದೆ. ಈ ಅಳತೆಯಲ್ಲಿ 200ರ ಆಸುಪಾಸು ಕಲ್ಕಲ್ ಆಗುತ್ತದೆ. ಹೊಸಬರು ಆರು ಜನ ಕೂತರೂ ಅರ್ಧ, ಮುಕ್ಕಾಲು ಗಂಟೆ ಸಾಕು. ಮೊದಲ ಹತ್ತು ವಕ್ರವಾಗುತ್ತವೆ. ಅವನ್ನು ಯಾರು ಮಾಡಿದ್ದು ಎಂಬ ಚರ್ಚೆ ರಾತ್ರಿಯವರೆಗೂ ನಡೆಯುತ್ತದೆ.

ಒತ್ತಿದ್ದನ್ನು ತಟ್ಟೆಯಲ್ಲಿ ಹರಡಿ ಬಟ್ಟೆ ಮುಚ್ಚಿ. ಗಾಳಿಗೆ ಬಿಟ್ಟರೆ ಮೇಲ್ಪದರ ಒಣಗಿ ಎಣ್ಣೆಯಲ್ಲಿ ಸೀಳುತ್ತದೆ. ಕರಿಯುವ ಕೆಲಸ ಒಬ್ಬರೇ ವಹಿಸಿಕೊಳ್ಳಲಿ. ಚೂರು ಹಿಟ್ಟು ಹಾಕಿದಾಗ ಅದು ತಳಕ್ಕೆ ಹೋಗಿ ನಿಧಾನವಾಗಿ ಮೇಲೆ ಬಂದರೆ ಎಣ್ಣೆ ಹದವಾಗಿದೆ. ಹಾಕಿದ ಕೂಡಲೇ ಚಿಮ್ಮಿ ಬಂದರೆ ಉರಿ ಹೆಚ್ಚು. ಆ ಎಣ್ಣೆಯಲ್ಲಿ ಹೊರಗೆ ಕಂದು, ಒಳಗೆ ಹಸಿ. ಒಂದು ಸಲಕ್ಕೆ 25ರಿಂದ 30, ಸಣ್ಣ ಉರಿಯಲ್ಲಿ ಐದಾರು ನಿಮಿಷ, ಕೈಯಾಡಿಸುತ್ತಲೇ ಇರಬೇಕು. ತಿಳಿ ಹೊಂಬಣ್ಣಕ್ಕೆ ತೆಗೆದುಬಿಡಿ. ಸಕ್ಕರೆ ಇರುವುದರಿಂದ ತೆಗೆದ ಮೇಲೂ ಬಣ್ಣ ಏರುತ್ತದೆ. ಬಾಣಲೆಯಲ್ಲೇ ಚೆಂದದ ಕಂದು ಬರಲಿ ಎಂದು ಕಾದರೆ ತಟ್ಟೆಗೆ ಬರುವಷ್ಟರಲ್ಲಿ ಕಹಿ. ಪೂರ್ತಿ ಆರಿದ ಮೇಲಷ್ಟೇ ಡಬ್ಬಿಗೆ ತುಂಬಿ. ಬಿಸಿಯಲ್ಲಿ ಮುಚ್ಚಿದರೆ ಮೆತ್ತಗಾಗುತ್ತದೆ. ಸರಿಯಾಗಿ ಆರಿಸಿದ್ದು ಎರಡು ವಾರ ಗರಿಗರಿ ಇರುತ್ತದೆ. ಮೇಲೆ ಸಕ್ಕರೆ ಪಾಕ ಹೊದಿಸುವ ರೂಢಿಯೂ ಇದೆ, ಆದರೆ ಹಿಟ್ಟಿನಲ್ಲೇ ಇಷ್ಟು ಸಿಹಿ ಇರುವಾಗ ಅದು ದಂಡ.

ಹಿತುಕುವುದು

ಆರು ಗಂಟೆಗೆ ಅವರೆ ಬೋಗುಣಿ ನಡುವೆ ಬರಲಿ. ನೆನೆದ ನೀರು ಚೆಲ್ಲಿ, ಒಂದು ಸಲ ತೊಳೆದು, ಇಬ್ಬರಿಗೊಂದು ಆಳವಾದ ಪಾತ್ರೆ ಕೊಡಿ. ಕಾಳಿನ ಬೆನ್ನನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು, ಬಿಳಿ ಮೂಗಿನ ಕಡೆ ಪಾತ್ರೆಗೆ ತಿರುಗಿಸಿ ಒತ್ತಿದರೆ ಬೇಳೆ ಪುಸಕ್ಕನೆ ಜಾರುತ್ತದೆ. ತಟ್ಟೆಯಂಥ ಚಪ್ಪಟೆ ಪಾತ್ರೆ ಇಟ್ಟರೆ ಅರ್ಧ ಬೇಳೆ ಎದುರು ಕೂತವರ ಮುಖಕ್ಕೆ. ಸಿಪ್ಪೆ ಬಿಡದ ಕಾಳಿಗೆ ಉಗುರು ಹಾಕಿ ಒದ್ದಾಡಬೇಡಿ, ಬದಿಗಿಡಿ, ಹತ್ತು ನಿಮಿಷ ಬೆಚ್ಚನೆ ನೀರು ಕಂಡರೆ ಸರಿಹೋಗುತ್ತದೆ. ತೆಲುಗು ಮಾತಿನ ಮನೆಗಳಲ್ಲಿ ಇದನ್ನೇ ಪಿತಿಕಿಪಪ್ಪು ಅನ್ನುವುದು. ಯಾವ ಭಾಷೆಯ ಹೆಸರು ಸರಿ ಎಂಬುದಕ್ಕೆ ಕೋಲಾರದಲ್ಲಿ ಉತ್ತರ ಸಿಗುವುದಿಲ್ಲ. ಸಿಪ್ಪೆ ಹಸುವಿಗೆ ಹಾಕಿ. ಕೈಗೆ ನಿಂಬೆ ಸಿಪ್ಪೆ ಉಜ್ಜಿ ಆಮೇಲೆ ಸೋಪು.

ಸಾರು, ಮುದ್ದೆ

ಮಸಾಲೆಯನ್ನು ಮಧ್ಯಾಹ್ನವೇ ರುಬ್ಬಿಟ್ಟಿರಬೇಕು: ಧನಿಯಾ ಮೂರು ದೊಡ್ಡ ಚಮಚ, ಬ್ಯಾಡಗಿ ಎಂಟು, ಗುಂಟೂರು ಮೆಣಸಿನಕಾಯಿ ನಾಲ್ಕು, ಕಾಳುಮೆಣಸು ಒಂದು ಸಣ್ಣ ಚಮಚ, ಗಸಗಸೆ ಒಂದು ದೊಡ್ಡ ಚಮಚ, ಎರಡು ಬೆರಳುದ್ದ ಚಕ್ಕೆ, ಲವಂಗ ಐದು. ಇಷ್ಟನ್ನು ಹುರಿದು, ಬಾಡಿಸಿದ ಎರಡು ಈರುಳ್ಳಿ, ಹದಿನೈದು ಎಸಳು ಬೆಳ್ಳುಳ್ಳಿ, ಒಂದೂವರೆ ಇಂಚು ಶುಂಠಿ, ಒಂದು ಸಣ್ಣ ತೆಂಗಿನಕಾಯಿ ತುರಿ, ಒಂದು ಹಿಡಿ ಕೊತ್ತಂಬರಿ ಸೊಪ್ಪಿನ ಜೊತೆ ನುಣ್ಣಗೆ ರುಬ್ಬಿ. ಚಕ್ಕೆ ಲವಂಗ ಇದಕ್ಕಿಂತ ಹೆಚ್ಚಾದರೆ ಸೊಗಡು ಸತ್ತು ಕುರ್ಮಾ ಆಗುತ್ತದೆ.

ಎರಡೂವರೆ ಲೀಟರ್ ನೀರು ಕುದಿಯುವಾಗ ಬೇಳೆ ಹಾಕಿ, ತೆರೆದ ಪಾತ್ರೆಯಲ್ಲೇ ಎಂಟು ಹತ್ತು ನಿಮಿಷ ಬೇಯಿಸಿ. ಕುಕ್ಕರ್ ಹತ್ತಿರಕ್ಕೂ ಬೇಡ. ಒಂದು ಸೀಟಿಗೇ ಬೇಳೆ ಕರಗಿ ಗಂಜಿಯಾಗುತ್ತದೆ. ಅಷ್ಟು ಜನ ಕೂತು ಹಿತುಕಿದ್ದು ಹಾಳಾದರೆ ಯಾರೂ ಕ್ಷಮಿಸುವುದಿಲ್ಲ. ಬೆರಳಲ್ಲಿ ಒತ್ತಿದರೆ ಒಡೆಯಬೇಕು, ಪಾತ್ರೆಯಲ್ಲಿ ಇಡಿಯಾಗಿರಬೇಕು. ಆಗ ಹೆಚ್ಚಿದ ನಾಲ್ಕು ಟೊಮೆಟೊ, ಮಸಾಲೆ, ಉಪ್ಪು ಹಾಕಿ ಇನ್ನು ಹತ್ತು ನಿಮಿಷ ಕುದಿಸಿ. ಹುಣಸೆ ಬೇಡ, ಟೊಮೆಟೊ ಹುಳಿ ಸಾಕು. ಕೊನೆಗೆ ಸಾಸಿವೆ, ಕರಿಬೇವು, ಎರಡು ಈರುಳ್ಳಿಯ ಒಗ್ಗರಣೆ. ಆರುತ್ತಾ ಸಾರು ಗಟ್ಟಿಯಾಗುತ್ತದೆ, ಹಾಗಾಗಿ ಒಲೆಯ ಮೇಲೆ ತುಸು ತೆಳ್ಳಗಿರಲಿ.

ಮುದ್ದೆಗೆ ಒಂದು ಕೆಜಿ ರಾಗಿ ಹಿಟ್ಟು, ಎರಡು ಲೀಟರಿಗಿಂತ ತುಸು ಹೆಚ್ಚು ನೀರು. ಕೈ ಪಳಗದವರು ಅಷ್ಟನ್ನೂ ಒಂದೇ ಪಾತ್ರೆಯಲ್ಲಿ ತಿರುವಲಾರರು, ಅರ್ಧ ಅರ್ಧ ಕೆಜಿಯಂತೆ ಎರಡು ಸಲ ಮಾಡಿ. ನೀರಿಗೆ ಒಂದು ಚಮಚ ಹಿಟ್ಟು ಕದಡಿ ಹಾಕಿ ಕುದಿಸಿ, ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು ಕೋಲಿನಿಂದ ಒಂದು ತೂತು ಮಾಡಿ, ಸಣ್ಣ ಉರಿಯಲ್ಲಿ ಏಳೆಂಟು ನಿಮಿಷ ಮುಟ್ಟದೆ ಬಿಡಿ. ಗಂಟಾಗುವುದು ಆತುರಕ್ಕೆ, ನೀರು ಹಿಟ್ಟಿನ ಒಳಗೆ ಹತ್ತುವ ಮೊದಲೇ ತಿರುವುವುದಕ್ಕೆ. ತಿರುವಿದ ಮೇಲೆ ಮತ್ತೆ ಮುಚ್ಚಿ ಮೂರು ನಿಮಿಷ. ಒದ್ದೆ ಕೈಗೆ ಅಂಟದಿದ್ದರೆ ಬೆಂದಿದೆ. ಎಲ್ಲರೂ ಕೂತ ಮೇಲೇ ಮುದ್ದೆ ಕಟ್ಟಿ. ಅಭ್ಯಾಸವಿಲ್ಲದವರಿಗೆ ಅಗಿಯಬೇಡ, ನುಂಗು ಎಂದು ಹೇಳಿಕೊಡಿ, ಜೊತೆಗೆ ಅರ್ಧ ಕೆಜಿ ಅಕ್ಕಿಯ ಅನ್ನವೂ ಇರಲಿ.

ಉಳಿದದ್ದು

ಕೇಕ್ ಮನೆಯಲ್ಲಿ ಮಾಡುವ ಸಾಹಸ ಇಂದು ಬೇಡ. ಬೇಕರಿಯಿಂದ ಒಂದು ಕೆಜಿ ಪ್ಲಮ್ ಕೇಕ್ ತಂದರೆ ಹನ್ನೆರಡು ದಪ್ಪ ತುಂಡು. ಮೊಟ್ಟೆ ಹಾಕದ್ದೂ ಸಿಗುತ್ತದೆ, ಕೇಳಿ ತನ್ನಿ. ಗರಗಸದ ಹಲ್ಲಿನ ಬ್ರೆಡ್ ಚಾಕುವಿನಲ್ಲಿ ಕೊಯ್ದರೆ ಹಣ್ಣಿನ ಚೂರು ಕಿತ್ತು ಬರುವುದಿಲ್ಲ.

ನಕ್ಷತ್ರದ ಬುಟ್ಟಿ ಕಾಗದದ್ದಾದರೆ ಒಳಗೆ ಐದು ವ್ಯಾಟಿನ ಎಲ್‌ಇಡಿ ಬಲ್ಬ್ ಮಾತ್ರ. ಹಳೆಯ ಫಿಲಮೆಂಟ್ ಬಲ್ಬಿನ ಕಾವಿಗೆ ಕಾಗದ ಸುಡುತ್ತದೆ. ಮಹಡಿಯಲ್ಲಿ ತೂಗುಹಾಕುವುದಾದರೆ ವೈರಿನ ಜೋಡಣೆಗೆ ಟೇಪು ಸುತ್ತಿ, ರಾತ್ರಿ ಇಬ್ಬನಿ ಬೀಳುತ್ತದೆ.

ಮಹಡಿಯ ಮೇಲೆ ಕೂರುವುದು ಎಂಟು ಗಂಟೆಯವರೆಗೆ ಚೆನ್ನ, ಆಮೇಲೆ ಚಳಿ ನೆಲದಿಂದ ಏರುತ್ತದೆ. ಚಾಪೆಯ ಮೇಲೆ ಜಮಖಾನ ಹಾಸಿ, ಊಟವನ್ನು ಒಳಗೇ ಬಡಿಸಿ. ತಣ್ಣಗಾದ ಮುದ್ದೆ ಕಲ್ಲು. ಬೆಂಕಿ ಕಾಯಿಸುವ ಆಸೆಯಿದ್ದರೆ ಬಯಲಲ್ಲಿ ಮಾತ್ರ. ಇದ್ದಿಲ ಒಲೆಯನ್ನು ಕೋಣೆಯೊಳಗೆ ತಂದು ಬಾಗಿಲು ಹಾಕಬೇಡಿ, ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕಕ್ಕೆ ಕಾನೂನಿನ ತಡೆಯಿದೆ, ಪಕ್ಕದ ಮನೆಯವರ ತಡೆ ಅದಕ್ಕೂ ಮೊದಲೇ ಬರುತ್ತದೆ.

ಚೀಟಿ ಎತ್ತಿ ಉಡುಗೊರೆ ಕೊಡುವ ಆಟ ಇಟ್ಟರೆ ತಮ್ಮ ಹೆಸರು ತಮಗೇ ಬರುವ ಗೋಳು ತಪ್ಪಿಸಲು ಒಂದು ಉಪಾಯವಿದೆ. ಆಟದಲ್ಲಿಲ್ಲದ ಒಬ್ಬರು ಚೀಟಿಗಳನ್ನು ಕಲಸಿ ಸಾಲಾಗಿ ಜೋಡಿಸಲಿ, ಮೊದಲನೆಯವರು ಎರಡನೆಯವರಿಗೆ, ಎರಡನೆಯವರು ಮೂರನೆಯವರಿಗೆ, ಕೊನೆಯವರು ಮೊದಲನೆಯವರಿಗೆ. ಯಾರಿಗೆ ಯಾರು ಎಂದು ಅವರೇ ಒಬ್ಬೊಬ್ಬರಿಗೂ ಗುಟ್ಟಾಗಿ ತಿಳಿಸಲಿ. ಬೆಲೆಗೆ ಮಿತಿ ಹಾಕಿ, 200 ರೂಪಾಯಿ ಸಾಕು.

ಖರ್ಚನ್ನು ಅಂದೇ ರಾತ್ರಿ ಹಂಚಿ ಗುಂಪಿಗೆ ಹಾಕಿಬಿಡಿ, ಮಾರನೆ ದಿನಕ್ಕೆ ಬಿಟ್ಟರೆ ಕೇಳಲು ನಾಚಿಕೆ. ಕಲ್ಕಲನ್ನು ಹನ್ನೆರಡು ಪೊಟ್ಟಣ ಕಟ್ಟಿದರೆ ಒಬ್ಬೊಬ್ಬರಿಗೆ ಹದಿನೈದರ ಲೆಕ್ಕ, ಕರಿದವರ ಬಾಯಿಗೆ ಹೋದದ್ದು ಬಿಟ್ಟು. ಬದಿಗೆತ್ತಿಟ್ಟ ಎಳೆ ಅವರೆಕಾಳನ್ನು ಬೇಯಿಸಿ ಫ್ರಿಜ್ಜಿನಲ್ಲಿಡಿ. ರಾತ್ರಿ ಉಳಿದುಕೊಂಡವರಿಗೆ ಬೆಳಿಗ್ಗೆ ಅಕ್ಕಿ ರೊಟ್ಟಿಗೆ ಅದೇ.